ಎಡಗೈಯ ಕೆಲಸ

ಕಾರು ತಾಗಿದಾಗ ನಾನು ಅಣ್ಣನಿಗಿಂತ ಮೂರು ಹೆಜ್ಜೆ ಹಿಂದಿದ್ದೆ. ಈ ಮಾತನ್ನು ಮೊದಲು ಪೊಲೀಸರಿಗೆ, ಆಮೇಲೆ ಡಾಕ್ಟರಿಗೆ, ಕೊನೆಗೆ ವಿಮಾ ಕಂಪನಿಯವರಿಗೆ ಹೇಳಿದ್ದೇನೆ. ಪ್ರತಿ ಸಲವೂ ಮೂರು ಎಂದೇ ಹೇಳಿದ್ದೇನೆ.

ಅದು ಐವತ್ತರ ದಶಕದ ಕೊನೆ. ಮದ್ರಾಸಿನ ಪ್ಯಾರೀಸ್ ಕಾರ್ನರ್ ಹತ್ತಿರ ನಮ್ಮ ಉಡುಪಿ ಕಡೆಯವರ ಹೋಟೆಲೊಂದರಲ್ಲಿ ಅಣ್ಣ ಸಪ್ಲೈಯರ್ ಆಗಿದ್ದ. ನಾನು ಎರಡು ಬೀದಿ ಆಚೆ, ಕಾಗದದ ಸಗಟು ಅಂಗಡಿಯಲ್ಲಿ ಗುಮಾಸ್ತ. ಹೋಟೆಲಿನ ಮಹಡಿಯ ಕೋಣೆಯಲ್ಲಿ ಇಬ್ಬರೂ ಇದ್ದೆವು. ಆ ದಿನ ಸಂಜೆ ತುಂತುರು ಮಳೆ. ನಾವು ಒಂದು ಅಡ್ಡರಸ್ತೆ ದಾಟುತ್ತಿದ್ದಾಗ ಎದುರಿನಿಂದ ಬಂದ ಕಾರು ಬಲಕ್ಕೆ ತಿರುಗಿತು. ಅಣ್ಣ ಎಡಗಡೆಗೆ ಬಿದ್ದ. ಮೊಣಕೈ ಚರಂಡಿಯ ಅಂಚುಕಲ್ಲಿಗೆ ಬಡಿಯಿತು. ಸದ್ದು ದೊಡ್ಡದಾಗಿರಲಿಲ್ಲ. ಅಷ್ಟು ಸಣ್ಣ ಸದ್ದಿನಲ್ಲಿ ಎಲುಬು ಮುರಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಇವತ್ತಿಗೂ ರಸ್ತೆ ದಾಟುವಾಗ ಜೊತೆಯವರ ಅಂಗಿ ಹಿಡಿದುಕೊಳ್ಳುತ್ತೇನೆ.

ಆರು ವಾರ ಪ್ಲಾಸ್ಟರು. ಬಿಚ್ಚಿದ ಮೇಲೆ ಬೆರಳುಗಳು ಆಡಿದವು, ಲೋಟ ಹಿಡಿಯಲು ಬಂತು, ಅಂಗಿಯ ಗುಂಡಿ ಹಾಕಲೂ ಬಂತು. ಆದರೆ ಅಂಗೈ ಮೇಲ್ಮುಖವಾಗಿ ತಿರುಗಲಿಲ್ಲ. ಇನ್ನು ತಿರುಗುವುದಿಲ್ಲ ಎಂದು ಡಾಕ್ಟರು ಬರೆದು ಕೊಟ್ಟರು.

ಅದೇ ಸಮಯಕ್ಕೆ ನಮ್ಮ ಧಣಿಗಳು, ಅಂದರೆ ಹೋಟೆಲಿನ ಯಜಮಾನರು, ಮೈಲಾಪುರದಲ್ಲಿ ಸಣ್ಣದೊಂದು ಹೋಟೆಲು ತೆರೆಯುವವರಿದ್ದರು. ಅಣ್ಣನನ್ನು ಕರೆದು ಹೇಳಿದರು: "ನಿನ್ನಿಂದ ಇನ್ನು ಸಪ್ಲೈ ಆಗುದಿಲ್ಲ. ದೀಪಾವಳಿ ಒಳಗೆ ಎರಡು ಸಾವಿರ ತಂದರೆ ಮೈಲಾಪುರದಲ್ಲಿ ನಿನಗೊಂದು ಪಾಲು. ಇಲ್ಲದಿದ್ದರೆ ಎಂತ ಮಾಡುದು, ಊರಿಗೆ ಹೋಗು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?" ಹದಿನಾಲ್ಕು ವರ್ಷ ದುಡಿದ ಅಣ್ಣನ ಕೈಯಲ್ಲಿ ಇನ್ನೂರು ರೂಪಾಯಿಯೂ ಇರಲಿಲ್ಲ. ಉಳಿದದ್ದು ಕಾರಿನವನ ವಿಮಾ ಕಂಪನಿಯೊಂದೇ.

ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬಂತು. ನಾನು ಓದಿ ಹೇಳುತ್ತಾ ತುಂಬಿದೆ. ಒಂದು ಪ್ರಶ್ನೆ: ನೀವು ಕೆಲಸ ಮಾಡುವುದು ಯಾವ ಕೈಯಲ್ಲಿ?

"ಇದೆಂತ ಕೇಳುದು?" ಎಂದ ಅಣ್ಣ. "ಎಡಗೈಯಲ್ಲಿ ಬಡಿಸುದಾ ನಾನು? ನಗಾಡ್ತಾರೆ. ಬಲಗೈ ಅಂತ ಬರಿ."

ಬಲಗೈ ಎಂದು ಬರೆದೆ. ಅಕ್ಷರ ಚೆನ್ನಾಗಿರಲೆಂದು ಶಾಯಿ ಬದಲಾಯಿಸಿ ಬರೆದೆ.

ಎರಡು ವಾರದ ನಂತರ ಇಬ್ಬರನ್ನೂ ಕರೆಸಿದರು. ಅಲ್ಲಿದ್ದ ಅಧಿಕಾರಿ ಐವತ್ತು ದಾಟಿದ ತಮಿಳರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ಸಿಲು. ನಮ್ಮ ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲು ನನ್ನನ್ನು ವಿಚಾರಿಸಿದರು.

"ಕಾರು ಎಷ್ಟು ವೇಗದಲ್ಲಿತ್ತು?"

"ಗೊತ್ತಿಲ್ಲ ಸಾರ್."

"ತುಂಬಾ ಜೋರಿತ್ತು ಅಂತ ಹೇಳೋದಿಲ್ವಾ? ಎಲ್ಲರೂ ಹಾಗೇ ಹೇಳ್ತಾರೆ."

"ನೋಡಿಲ್ಲ ಸಾರ್. ತಿರುಗಿದ್ದು ನೋಡಿದೆ."

"ತಿರುಗುವ ಮುಂಚೆ ಕಿಟಕಿಯಿಂದ ಕೈ ಹೊರಗೆ ಚಾಚಿ ತೋರಿಸಿದೆ ಅಂತ ಡ್ರೈವರ್ ಬರೆದುಕೊಟ್ಟಿದ್ದಾನೆ."

ನಾನು ಆ ಸಂಜೆಯನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳದಿದ್ದರೆ ನನಗೆ ನಾಲಿಗೆ ತೊಡರುತ್ತದೆ. "ಕಾರು ನಿಂತ ಮೇಲೆ ಅವನು ನಮ್ಮನ್ನು ಬೈದ ಸಾರ್. ಬೈಯಲಿಕ್ಕೆ ಮೊದಲು ಕಿಟಕಿಯ ಗಾಜು ಇಳಿಸಬೇಕಾಯಿತು. ಪೂರ್ತಿ ಮೇಲಿತ್ತು. ಹಿಡಿ ತಿರುಗಿಸಿ ತಿರುಗಿಸಿ ಇಳಿಸಿದ."

ಅಧಿಕಾರಿ ಪೆನ್ಸಿಲು ತೆಗೆದು ಏನೋ ಬರೆದುಕೊಂಡರು. ತಪ್ಪು ಯಾರದೆಂಬ ಮಾತು ಮತ್ತೆ ಎತ್ತಲಿಲ್ಲ. ಗೆದ್ದೆವು ಅಂದುಕೊಂಡೆ. ಆಗ ಅವರು ನಾನು ತುಂಬಿದ ಅರ್ಜಿಯನ್ನು ನಮ್ಮ ಕಡೆಗೆ ತಿರುಗಿಸಿದರು.

"ಕೆಲಸ ಬಲಗೈಯದು. ಪೆಟ್ಟು ಎಡಗೈಗೆ. ನಿಮ್ಮದೇ ಬರಹ. ಡಾಕ್ಟರ ಖರ್ಚು, ನೋವಿಗೆ ಸ್ವಲ್ಪ, ಒಟ್ಟು ಇನ್ನೂರೈವತ್ತು. ಕೋರ್ಟಿಗೆ ಹೋದರೆ ನಾಲ್ಕು ವರ್ಷ ಆಗುತ್ತೆ, ಯೋಚನೆ ಮಾಡಿ ಬನ್ನಿ."

ಮೆಟ್ಟಿಲು ಇಳಿಯುವಾಗ ಅಣ್ಣ ಏನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಮಧ್ಯಾಹ್ನ ಹೋಟೆಲಿನ ಕಂಬಕ್ಕೆ ಒರಗಿ ನಿಂತಿದ್ದೆ. ಕಚೇರಿಗಳು ಊಟಕ್ಕೆ ಬಿಟ್ಟು ಜನ ನುಗ್ಗುವ ಹೊತ್ತು. ಅಡುಗೆಮನೆಯಿಂದ ಒಬ್ಬ ಸಪ್ಲೈಯರ್ ಹೊರಗೆ ಬಂದ. ಮೇಲ್ಮುಖ ಮಾಡಿದ ಎಡ ಅಂಗೈಯಲ್ಲಿ ಒಂದು ತಟ್ಟೆ, ಮಣಿಕಟ್ಟಿನ ಮೇಲೆ ಒಂದು, ಮುಂಗೈಯುದ್ದಕ್ಕೆ ಇನ್ನೆರಡು. ಬಲಗೈ ಖಾಲಿ. ಅದು ಮೇಜಿನ ಹತ್ತಿರ ಬಂದ ಮೇಲೆ ಮಾತ್ರ ಒಂದೊಂದೇ ತಟ್ಟೆ ತೆಗೆದು ಗಿರಾಕಿಯ ಮುಂದೆ ಇಡುತ್ತಿತ್ತು. ಇಷ್ಟು ವರ್ಷ ದಿನಕ್ಕೆ ಎರಡು ಹೊತ್ತು ಇದೇ ಹೋಟೆಲಿನಲ್ಲಿ ತಿಂದವನು ನಾನು, ಇದನ್ನು ನೋಡಿರಲಿಲ್ಲ. ಬಡಿಸುವುದು ಬಲಗೈ, ದುಡಿಯುವುದು ಎಡಗೈ. ಅನ್ನ ಮುಟ್ಟುವ ಕೆಲಸದಲ್ಲಿ ಎಡಗೈಯ ಹೆಸರೆತ್ತಲು ಅಣ್ಣನಿಗೆ ನಾಚಿಕೆಯಾಗಿತ್ತು, ಅಷ್ಟೇ.

ಒಂದು ಗಂಟೆ ಅಲ್ಲೇ ನಿಂತು ಬರೆದುಕೊಂಡೆ. ಧಣಿಗಳು ಗಲ್ಲಾದಿಂದಲೇ ಕೂಗಿದರು: "ಎಂತ ಮಾರಾಯ, ಸಿಐಡಿಯಾ? ತಿನ್ನುದಾದರೆ ತಿನ್ನು, ದಾರಿಗೆ ಅಡ್ಡ ನಿಲ್ಲಬೇಡ." ಆ ಒಂದು ಗಂಟೆಯಲ್ಲಿ ಒಬ್ಬನೇ ಸಪ್ಲೈಯರ್ ಎಡಗೈ ಮೇಲೆ ನೂರ ಹನ್ನೆರಡು ತಟ್ಟೆ ತಂದಿದ್ದ. ಬಲಗೈ ಮೇಲೆ ಒಂದೂ ಇಲ್ಲ.

ಆ ಚೀಟಿ ಹಿಡಿದು ಮತ್ತೆ ಹೋದೆವು. ಅಧಿಕಾರಿ ಓದಿದರು.

"ಹಾಗಾದರೆ ಮೊದಲು ಬರೆದದ್ದು ಸುಳ್ಳಾ?"

"ಸುಳ್ಳಲ್ಲ ಸಾರ್. ಯಾವ ಕೈಯಲ್ಲಿ ಬಡಿಸೋದು ಅಂತ ಕೇಳಿದ್ದೀರಿ ಅಂದುಕೊಂಡೆವು. ಹೊರುವ ಕೈ ಯಾವುದು ಅಂತ ಯಾರೂ ಕೇಳಲಿಲ್ಲ."

ಅವರು ಚೀಟಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರು. "ಸರಿ ತಂಬಿ, ಒಪ್ಪಿದೆ. ಆದರೂ ನಷ್ಟ ಎಲ್ಲಿ? ಕೈ ಬದಲಾಯಿಸಲಿ. ಬಲಗೈಯಲ್ಲಿ ಹೊರಲಿ, ಎಡಗೈಯಲ್ಲಿ ಇಡಲಿ. ಬೆರಳು ಆಡುತ್ತದೆ ಅಂತ ನಿಮ್ಮ ಡಾಕ್ಟರೇ ಬರೆದಿದ್ದಾರಲ್ಲ?"

ನಾನು ಚೀಟಿಯನ್ನು ತಿರುಗಿಸಿ ನೋಡಿದೆ. ಇದಕ್ಕೆ ಉತ್ತರ ಅದರಲ್ಲಿ ಬರೆದಿರಲಿಲ್ಲ. ಆಗಲೇ ಜವಾನ ಸಾಹೇಬರ ಕಾಫಿ ತಂದು ಮೇಜಿನ ಈ ತುದಿಯಲ್ಲಿ, ಫೈಲುಗಳ ಪಕ್ಕ ಇಟ್ಟು ಹೋದ. ಅವರು ಕೈ ಚಾಚಿದರು, ಎಟುಕಲಿಲ್ಲ. ಅಣ್ಣ ಎದ್ದ. ಎಡಗೈಯಲ್ಲಿ ಲೋಟ ಎತ್ತಿದ. ಒಂದು ಹನಿಯೂ ಚೆಲ್ಲದೆ ಅವರ ಮುಖದ ಮುಂದೆ ಹಿಡಿದ.

ಚಾಚಿದ್ದ ಕೈ ಹಿಂದಕ್ಕೆ ಹೋಯಿತು. ನಾನು ಕಣ್ಣಾರೆ ಕಂಡೆ, ಒಂದು ಗೇಣು ಹಿಂದಕ್ಕೆ ಹೋಯಿತು.

"ಎನ್ನಯ್ಯಾ ಇದು! ಎಡಗೈಯಲ್ಲಿ ಕೊಡ್ತೀಯಾ?"

"ನೀವೇ ಹೇಳಿದ್ರಲ್ಲ ಸಾರ್," ಎಂದ ಅಣ್ಣ. "ಈಗಷ್ಟೇ."

ಪಕ್ಕದ ಮೇಜಿನ ಟೈಪ್‌ರೈಟರಿನ ಸದ್ದು ನಿಂತಿತು. ಅಧಿಕಾರಿ ಲೋಟ ನೋಡಿದರು, ಅಣ್ಣನನ್ನು ನೋಡಿದರು. ಅಣ್ಣ ಲೋಟ ಇಳಿಸಲಿಲ್ಲ. "ನೀವು ಒಬ್ಬರು ಸಾರ್. ನಾನು ದಿನಕ್ಕೆ ಮುನ್ನೂರು ಜನಕ್ಕೆ ಹೀಗೆ ಕೊಟ್ಟರೆ ನಮ್ಮ ಧಣಿ ಬಾಗಿಲು ಹಾಕಬೇಕು."

ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಕೆಳಗಿಡಪ್ಪಾ, ಕೆಳಗಿಡು. ಸಾಕು. ನಾನೇ ಎದ್ದು ತಗೋತೀನಿ." ನಿಜವಾಗಿಯೂ ಎದ್ದು ಬಂದು ತೆಗೆದುಕೊಂಡರು. ಕುಡಿದು ಮುಗಿಸಿ ಪೆನ್ಸಿಲಿನಿಂದ ಒಂದು ಮೊತ್ತ ಬರೆದರು: ಸಾವಿರದ ಐನೂರು.

"ಎರಡೂವರೆ," ಎಂದೆ. ಅಷ್ಟು ಬೇಗ ನಾನು ಜೀವನದಲ್ಲಿ ಉತ್ತರ ಕೊಟ್ಟಿಲ್ಲ.

"ನೀನು ತಡಮಾಡಿ ಮಾತಾಡುವವನು ಅಂದುಕೊಂಡಿದ್ದೆ!" ಎಂದರು. ಮುಕ್ಕಾಲು ಗಂಟೆ ಎಳೆದಾಡಿ ಎರಡು ಸಾವಿರದ ಇನ್ನೂರಕ್ಕೆ ನಿಂತಿತು. ಕಾಗದದ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದ ಮೇಲೆಯೇ ಅಣ್ಣನಿಂದ ಸಹಿ ಹಾಕಿಸಿದೆ. ಬೀದಿಗೆ ಬಂದ ಮೇಲೆ ಅಣ್ಣ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಬಲಗೈಯಲ್ಲಿ, ಜೋರಾಗಿ.

ದೀಪಾವಳಿಗೆ ಒಂಬತ್ತು ದಿನ ಮೊದಲೇ ಹಣ ಧಣಿಗಳ ಕೈ ಸೇರಿತು. ಮೈಲಾಪುರದ ಹೋಟೆಲು ಶುರುವಾದ ದಿನ ನಾನು ಅಂಗಡಿಗೆ ರಜೆ ಹಾಕಿ ಹೋಗಿದ್ದೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಲ್ಲಾದಲ್ಲಿ ಕೂತಿದ್ದ. ಕೂತಿದ್ದ ಎನ್ನುವುದು ಪೂರ್ತಿ ನಿಜವಲ್ಲ. ಗಿರಾಕಿ ಬಂದು ಬೆಂಚಿನಲ್ಲಿ ಕೂತಾಗಲೆಲ್ಲ ಆರ್ಡರು ಕೇಳಲು ಎದ್ದುಬಿಡುತ್ತಿದ್ದ. ಧಣಿಗಳು ಐದಾರು ಸಲ ನೋಡಿದರು. ಕೊನೆಗೆ ಎಲ್ಲರಿಗೂ ಕೇಳುವ ಹಾಗೆ ಕೂಗಿದರು:

"ಕೂತ್ಕೊ ಮಾರಾಯ! ಇಲ್ಲಿ ಎದ್ದು ನಿಲ್ಲಲಿಕ್ಕೆ ನಿನಗೆ ಸಂಬಳ ಇಲ್ಲ. ಧಣಿ ನೀನು!"

ಅಣ್ಣ ಕೂತ. ಮುಂದಿನ ಗಿರಾಕಿ ಬಂದಾಗ ಎರಡೂ ಕೈಯಲ್ಲಿ ಗಲ್ಲಾದ ಅಂಚು ಹಿಡಿದುಕೊಂಡು, ಕೂತೇ ಇದ್ದ.