ಗೀಜಗನ ಅರ್ಧ ಗೂಡು

ಸಂಜಯನಗರದ ಮೊಮ್ಮಗಳ ಮನೆಯಲ್ಲಿ ಸೋಫಾದ ಮೇಲ್ಗಡೆ ಗೀಜಗನ ಒಣಗೂಡೊಂದು ತೂಗುತ್ತಿದೆ. ಅಂದಕ್ಕೆಂದು ಅವಳೇ ಎಲ್ಲಿಂದಲೋ ತಂದದ್ದು. ಮೊನ್ನೆ ಅದರ ಕೆಳಗೆ ಕುಳಿತಾಗ ಒಣಹುಲ್ಲಿನ ವಾಸನೆ ಬಂತು. ಕತ್ತೆತ್ತಿ ನೋಡಿದೆ. ಅರ್ಧ ಹೆಣೆದು ಬಿಟ್ಟ ಗೂಡು, ಕೆಳಗೆ ಕೊಳವೆಯೇ ಇಲ್ಲ. ಕೈಯಲ್ಲಿದ್ದ ಕಾಫಿ ಕುಡಿಯಲಾಗಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು…

ಬಾಗಲಗುಂಟೆ ಆಗಿನ್ನೂ ರಾಗಿ ಹೊಲಗಳ ಹಳ್ಳಿ. ಜಾಲಹಳ್ಳಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ನಮ್ಮ ಬಾವಿಯ ಮೇಲೆ ಬಾಗಿದ್ದ ಈಚಲು ಮರದ ತುಂಬ ಗೀಜಗನ ಗೂಡುಗಳು. ನೀರಿಗೆ ಹೋದರೆ ಅಕ್ಕ ಬಿಂದಿಗೆ ಕೆಳಗಿಟ್ಟು ಅವನ್ನೇ ನೋಡುತ್ತ ನಿಂತುಬಿಡುವಳು. ಹಳದಿ ತಲೆಯ ಗಂಡು ಅರ್ಧ ಗೂಡು ಹೆಣೆದು, ಅದಕ್ಕೇ ಜೋತುಬಿದ್ದು ರೆಕ್ಕೆ ಬಡಿಯುತ್ತ ಕೂಗುತ್ತಿತ್ತು. ಹೆಣ್ಣು ಬಂದು ಒಳಹೊಕ್ಕು, ಹುಲ್ಲನ್ನು ಕೊಕ್ಕಿನಿಂದ ಜಗ್ಗಿ ನೋಡುತ್ತಿತ್ತು. ಒಪ್ಪಿದರೆ ಗಂಡು ಉಳಿದದ್ದನ್ನು ಹೆಣೆದು ಮುಗಿಸುತ್ತಿತ್ತು. ಒಪ್ಪದಿದ್ದರೆ ಹೆಣ್ಣು ಪಕ್ಕದ ಗೂಡಿಗೆ ಹಾರಿಬಿಡುತ್ತಿತ್ತು, ಅಷ್ಟೇ.

"ನೋಡೇ, ಎಷ್ಟು ಜಗ್ಗಾಡ್ತದೆ. ಕಣ್ಮುಚ್ಕೊಂಡು ಒಳೀಕೋಗಲ್ಲ," ಎನ್ನುತ್ತಿದ್ದಳು ಅಕ್ಕ.

ಆಷಾಢ ಕಳೆದ ಮೇಲೆ ಯಲಹಂಕದ ಆಚೆಯಿಂದ ಅವಳಿಗೊಂದು ಸಂಬಂಧ ಬಂತು. ಗಂಡಿನ ಕಡೆಯವರು ಹೆಣ್ಣು ನೋಡಿ ಹೋದ ಮೇಲೆ, ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆ ನೋಡಲು ಹೋಗುವುದು ನಮ್ಮಲ್ಲಿ ಪದ್ಧತಿ. ದನ, ಹೊಲ, ಬಾವಿ ಎಲ್ಲ ನೋಡುತ್ತಾರೆ. ಅಲ್ಲಿ ಬಾಳಬೇಕಾದವಳನ್ನು ಮಾತ್ರ ಕರೆದೊಯ್ಯುವುದಿಲ್ಲ. ಅಕ್ಕನ ಅಪ್ಪ ಒಳ್ಳೆಯವರು. "ನಿಂಗೆ ಬ್ಯಾಡ ಅಂದ್ರೆ ಬ್ಯಾಡ ಕಣವ್ವ" ಎಂದಿದ್ದರು. ಆದರೆ ನೋಡದೆ ಅವಳಾದರೂ ಏನು ಹೇಳಬೇಕು? ಗಾಡಿಯಲ್ಲಿ ಸಣ್ಣ ಹುಡುಗಿಯೊಬ್ಬಳಿಗೆ ಜಾಗವಿತ್ತು. ಹನ್ನೊಂದು ವರ್ಷದ ನನ್ನನ್ನು ಬಾವಿಯ ಹತ್ತಿರ ಕರೆದು ಅಕ್ಕ ಹೇಳಿದಳು:

"ಗಂಡಸ್ರು ದನ, ಬಾವಿ ನೋಡ್ಕೊಂಡ್ ಬತ್ತಾರೆ. ನೀನು ಅಡುಗೆಮನೆಗೋಗು. ಅವ್ರಮ್ಮನ್ ಜೊತೆ ಎಂಗ್ ಮಾತಾಡ್ತಾನೆ ನೋಡು. ಇದ್ದಿದ್ದು ಇದ್ದಂಗೆ ಬಂದು ಏಳು. ನೀನೇನ್ ಏಳ್ತೀಯೋ ಅದೇ ನನ್ ಮಾತು."

ಹೋದೆ, ನೋಡಿದೆ. ನೆಂಟರಿಗೆ ಕಾಫಿ ತಡವಾಯಿತೆಂದು ಅವನು ಅಡುಗೆಮನೆಗೆ ಬಂದು ತನ್ನ ತಾಯಿಯ ಕೈ ತಿರುಚಿದ. ಆಕೆ ಕೂಗಲಿಲ್ಲ. ಒಲೆಯ ಪಕ್ಕ ನಿಂತಿದ್ದ ನನ್ನನ್ನು ಕಂಡು ನಕ್ಕು, ಒಂದು ಕಜ್ಜಾಯ ಕೊಟ್ಟರು. ಆಮೇಲೆ ಅವನೇ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಅಲ್ಲಿಯವರೆಗೆ ನಾನು ಸೈಕಲ್ ಹತ್ತಿದವಳೇ ಅಲ್ಲ. ಮದುವೆಯಾದರೆ ಈ ಸೈಕಲ್ ನಮ್ಮೂರಿಗೂ ಬರುತ್ತದಲ್ಲ ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಥೂ, ಎಂಥವಳು ನಾನು.

ಮರುದಿನ ಅಕ್ಕ ಬಾವಿಯ ಹತ್ತಿರ ಕಾದಿದ್ದಳು.

"ಎಂಗವ್ನೆ?"

"ಒಳ್ಳೇವ್ನು ಅಕ್ಕ. ಸೈಕಲ್ ಐತೆ."

"ಅವ್ರಮ್ಮನ್ನ ಎಂಗ್ ನೋಡ್ಕೋತಾನೆ?"

"ಚೆನ್ನಾಗೇ ನೋಡ್ಕೋತಾನೆ."

ಅವಳು ನಂಬಿದಳು. ಆ ಸಂಜೆಯೇ ಅಪ್ಪನಿಗೆ ಹೂಂ ಎಂದಳು.

ಎರಡು ವರ್ಷದ ನಂತರ ಹೆರಿಗೆಗೆ ಬಂದಾಗ ಅವಳ ಎಡ ಮಣಿಕಟ್ಟು ಸೊಟ್ಟಗಾಗಿತ್ತು. ಬಿಂದಿಗೆಯನ್ನು ನಾನೇ ಎತ್ತಿದೆ. ಅವಳು ಈಚಲು ಮರ ನೋಡುತ್ತ ಮೆಲ್ಲಗೆ ಕೇಳಿದಳು, "ಅವತ್ತು ಅಲ್ಲಿ ಏನಾರ ಕಂಡಿತ್ತೇನೇ ನಿಂಗೆ?"

"ಇಲ್ಲ ಅಕ್ಕ."

ಮೊದಲ ಸುಳ್ಳಿಗೆ ವಯಸ್ಸಿನ ನೆಪವಾದರೂ ಇತ್ತು. ಇದಕ್ಕೆ ಏನಿತ್ತು? ಅವಳು ನನ್ನ ತಲೆ ಸವರಿ, "ಓಗ್ಲಿ ಬುಡು" ಎಂದಳು. ಗೊತ್ತಾಗಿತ್ತು ಅನ್ನಿಸುತ್ತದೆ… ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋದವಳು ಇನ್ನೆರಡು ಮಳೆಗಾಲ ಬದುಕಲಿಲ್ಲ. ಏನಾಯಿತೆಂದು ಯಾರೂ ಬಿಡಿಸಿ ಹೇಳಲಿಲ್ಲ. ಮಣ್ಣಿಗೆ ನಮ್ಮ ಮನೆಯವರೆಲ್ಲ ಹೋದರು. ಜ್ವರವೆಂದು ಸುಳ್ಳು ಹೇಳಿ ನಾನು ಮಲಗಿಬಿಟ್ಟೆ.

ಆ ಬಾವಿ ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲೀಗ ಬಾಡಿಗೆ ಮನೆಗಳಿವೆ. ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿಲ್ಲ. ನಾಚಿಕೆಯಾಗುತ್ತದೆ.

ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು. "ಅಜ್ಜಿ, ಇದ್ಯಾಕೆ ಅರ್ಧಕ್ಕೇ ನಿಂತಿದೆ?"

"ಹೆಣ್ಣು ಒಪ್ಪಲಿಲ್ಲ ಕಣೇ."

"ಚೆನ್ನಾಗಿಲ್ಲ ಅಂತ ಅದಕ್ಕೆ ಹೆಂಗೆ ಗೊತ್ತಾಯ್ತು?"

"ಅದು ಬೇರೆ ಯಾರನ್ನೂ ಕಳಿಸ್ಲಿಲ್ಲ. ತಾನೇ ಬಂದು ನೋಡ್ತು."