ಬರಿಗಣ್ಣಿಗೆ ಕಾಣೋ ಬಂಡೆ

ನಿಮ್ಮನೇಲೂ ಹಿಂಗಾಗಿದ್ಯಾ? ಆಸ್ಪತ್ರೆಗೆ ಅಂತ ಒಬ್ರನ್ನ ಹೆಂಗೋ ಹೊರಡ್ಸಿ, ಅವ್ರು ಬಾಗಿಲ ತನಕ ಬಂದು ಹಂಗೇ ತಿರುಗಿ ಹೋಗಿದ್ದಾರಾ? ನಮ್ಮ ಪದ್ಮತ್ತೆ ಹೋಗಿದ್ದಾರೆ. ಒಂದ್ಸಲ ಅಲ್ಲ.

ಪದ್ಮತ್ತೆ ನಮ್ಮಪ್ಪನ ತಂಗಿ. ಇರೋದು ಭದ್ರಾವತೀಲಿ. ಎರಡೂ ಕಣ್ಣಿಗೆ ಪೊರೆ. ಇನ್ನೂ ತಡ ಮಾಡಿದ್ರೆ ಕಷ್ಟ ಅಂತ ಡಾಕ್ಟ್ರು ಕಡ್ಡಿ ಮುರಿದ ಹಂಗೆ ಹೇಳಿದ್ದಾರೆ. ಅತ್ತೆಗೆ ಆಪರೇಷನ್ ಅಂದ್ರೆ ಕೈಕಾಲು ತಣ್ಣಗಾಗತ್ತೆ. ಮೊದಲ್ನೇ ಸಲ ಶಿವಮೊಗ್ಗದ ದಾರೀಲಿ ಮಲವಗೊಪ್ಪ ಬರೋ ಹೊತ್ತಿಗೆ ತಲೆಸುತ್ತು ಅಂತ ಬಸ್ಸಿಂದ ಇಳಿದ್ಬಿಟ್ರು. ಆಮೇಲೊಂದ್ಸಲ ಶಿವಮೊಗ್ಗದ ಆಸ್ಪತ್ರೆ ಗೇಟಲ್ಲೇ ಬೆಕ್ಕು ಅಡ್ಡ ಬಂತು. ಆ ಬೆಕ್ಕು ನಂಗಂತೂ ಕಾಣ್ಲಿಲ್ಲ, ಪೊರೆ ಬಂದ ಕಣ್ಣಿಗೆ ಅದೆಂಗೆ ಕಾಣ್ತೋ! ಮತ್ತೊಂದ್ಸಲ ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು, ಬಾತ್ರೂಮಿಗೆ ಅಂತ ಎದ್ದವ್ರು ಸೀದಾ ಆಟೋ ಹತ್ತಿದ್ರು.

ಇದೇ ಹೊತ್ತಲ್ಲಿ ನಂಗೆ ಅಪೋಫಿಸ್ ಹುಚ್ಚು ಹತ್ತಿತ್ತು. ಅದೊಂದು ಕ್ಷುದ್ರಗ್ರಹ. ಹೆಸರಿಗೆ ಕ್ಷುದ್ರ, ಗಾತ್ರದಲ್ಲಿ ಗುಡ್ಡ. ಸೂರ್ಯನ್ನ ಸುತ್ತುತ್ತಾ ಆಗಾಗ ನಮ್ಮ ಪಕ್ಕ ಹಾದು ಹೋಗತ್ತೆ. ಮೊದ್ಲು ಕಂಡಾಗ ಬಡಿದೇಬಿಡತ್ತೇನೋ ಅಂತ ಎಲ್ರಿಗೂ ಗಾಬರಿ. ವಿಜ್ಞಾನಿಗಳು ಬಿಡದೆ ಬೆನ್ನು ಹತ್ತಿ, ಮತ್ತೆ ಮತ್ತೆ ಲೆಕ್ಕ ಹಾಕಿ, ನೂರು ವರ್ಷ ಚಿಂತೆ ಇಲ್ಲ ಅಂದ್ರು. 2029ರ ಏಪ್ರಿಲ್‌ನಲ್ಲಿ ಕೆಲವು ಸ್ಯಾಟಲೈಟುಗಳಿಗಿಂತಲೂ ಹತ್ತಿರ ಬಂದು, ತಾಗದೆ ಹೋಗತ್ತಂತೆ. ಎಲ್ಲೋ ಕತ್ತಲಲ್ಲಿ ಓಡೋ ಬಂಡೆ ಎಷ್ಟೊತ್ತಿಗೆ ಎಲ್ಲಿರತ್ತೆ ಅಂತ ಈಗ್ಲೇ ಹೇಳ್ತಾರೆ. ನಮ್ಮತ್ತೆ ಸೋಮವಾರ ಬೆಳಿಗ್ಗೆ ಎಲ್ಲಿರ್ತಾರೆ ಅಂತ ನಂಗೆ ಭಾನುವಾರ ಸಂಜೆ ಹೇಳಕ್ಕಾಗಲ್ಲ.

ಹೋದ ತಿಂಗಳು ಭದ್ರಾವತಿಗೆ ಹೋದಾಗ ಅತ್ತೆಗೂ ಈ ಕಥೆ ಹೇಳಿದೆ.

"ಇದಕ್ಕೂ ಗ್ರಹಣದ ಹಂಗೆ ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕ್ಬೇಕೇನೇ?"

"ಏನೂ ಬೇಡ ಅತ್ತೆ. ಸುಮ್ನೆ ನೋಡೋದು. ಬರಿಗಣ್ಣಿಗೇ ಕಾಣತ್ತಂತೆ. ನಮ್ಮೂರಿಂದ ಎಷ್ಟು ಚೆನ್ನಾಗಿ ಕಾಣತ್ತೋ ಗೊತ್ತಿಲ್ಲ."

"ಯಾರ ಬರಿಗಣ್ಣಿಗೆ?" ಅಂದ್ರು.

ಅತ್ತೆ ಮಾತು ಬೇರೆ ಕಡೆ ಹೋಯ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಮಾವ ಕೆಲಸಕ್ಕಿದ್ದ ಕಬ್ಬಿಣದ ಕಾರ್ಖಾನೆಯವ್ರು ಕುಲುಮೆಯ ಕಾದ ಕಿಟ್ಟ ಸುರಿದಾಗೆಲ್ಲ ಈ ಊರಿನ ಆಕಾಶ ಕೆಂಪಾಗ್ತಿತ್ತಂತೆ. ಮಾವ ಪಾಳಿ ಮುಗಿಸ್ಕೊಂಡು ಬರೋ ತನಕ ಹಿತ್ತಲಲ್ಲಿ ನಿಂತು ಅದನ್ನೇ ನೋಡ್ತಿದ್ರಂತೆ.

"ಈಗ ಆ ಕೆಂಪೂ ಇಲ್ಲ, ಅವ್ರೂ ಇಲ್ಲ. ತಲೆ ಎತ್ತಿದ್ರೆ ಬರೀ ಮಂಜು. ಆಕಾಶದಲ್ಲಿ ಏನಾದ್ರೂ ನಡೆಯೋದನ್ನ ಇನ್ನೊಂದ್ಸಲ ನೋಡ್ಬೇಕು ಮಾರಾಯ್ತಿ." ಸೆರಗಲ್ಲಿ ಕಣ್ಣು ಒರೆಸ್ಕೊಂಡು, "ಅದಕ್ಕೆ ಒಂದೇ ಕಣ್ಣು ಸಾಕಾಗಲ್ವಾ?" ಅಂದ್ರು.

"ಧಾರಾಳ ಸಾಕು," ಅಂದೆ. ಅತ್ತೆ ಮನಸ್ಸು ಬದಲಾಯಿಸೋಕೆ ಮುಂಚೆ ಡಾಕ್ಟ್ರಿಗೆ ಫೋನ್ ಹಾಕಿದೆ.

ಹೋದ ವಾರ ಬಲಗಣ್ಣು ಆಯ್ತು. ಬಸ್ಸಿಂದ ಇಳೀಲಿಲ್ಲ, ಬೆಕ್ಕೂ ಬರ್ಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ನನ್ನ ಮುಖ ನೋಡಿ ಮೊದಲು ಅಂದಿದ್ದು, "ಅಯ್ಯೋ, ನಿನ್ ಕೂದ್ಲು ಇಷ್ಟು ಬೆಳ್ಳಗಾಗಿದ್ಯೇನೇ!" ಆ ಬೈಗುಳ ಕೇಳಿ ನಂಗೆ ಕಣ್ಣು ತುಂಬಿ ಬಂತು.

ಅಷ್ಟು ಹತ್ತಿರ ಹಾದು ಹೋದ್ರೆ ಭೂಮಿ ಸೆಳೆತಕ್ಕೆ ಆ ಬಂಡೆ ದಾರೀನೇ ಬಗ್ಗತ್ತಂತೆ, ತಾಗಲೇಬೇಕು ಅಂತಿಲ್ಲ. ಬಂಡೆ ಇನ್ನೂ ಬಂದೇ ಇಲ್ಲ, ಅತ್ತೆ ದಾರಿ ಆಗ್ಲೇ ಬಗ್ಗಿದೆ.

ನಿಮ್ಮನೇಲಿ ಹಿಂಗೆ ಬಾಗಿಲಿಂದ ತಿರುಗಿ ಹೋಗ್ತಿದ್ದವ್ರು ಕೊನೆಗೆ ಯಾವುದಕ್ಕೆ ಸೋತು ಒಳಗೆ ಬಂದ್ರು? ಕೆಳಗೆ ಬರೀರಿ. ಎಡಗಣ್ಣು ಇನ್ನೂ ಬಾಕಿ ಇದೆ, ನನ್ನ ಹತ್ರ ಇನ್ನೊಂದು ಬಂಡೆ ಇಲ್ಲ.