ಸಂಡೂರು ದಾರಿಯ ಮೂರು ಬೆಲ್

ಪಂಚರ್ ಹಾಕುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಈಗಲೂ ಊರು ಬಿಟ್ಟು ಹೊರಡಬೇಕೆನಿಸುತ್ತದೆ. ಮೊನ್ನೆ ಹೊಸಪೇಟೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಸೈಕಲ್ ಟ್ಯೂಬು ತಿಕ್ಕುತ್ತಿದ್ದಾಗ ವೀರೇಶ ನೆನಪಾದ. ನೆನಪಾದ ಅನ್ನುವುದೂ ಸುಳ್ಳೇ. ಎರಡು ಓಣಿ ಆಚೆ ಇರುವ ಗೆಳೆಯನನ್ನು ನಾನು ಆರು ತಿಂಗಳಿಂದ ಮರೆತಂತೆ ನಟಿಸುತ್ತಿದ್ದೆ.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಾವಿಬ್ಬರೂ ನಾಲ್ಕು ದಿನ ಸೈಕಲ್ ತುಳಿಯುತ್ತ ಎಲ್ಲಿಗಾದರೂ ಹೋಗುತ್ತಿದ್ದೆವು. ಎಲ್ಲಿಗೆ ಎಂಬ ಚರ್ಚೆಯೇ ಒಂದು ತಿಂಗಳು ನಡೆಯುತ್ತಿತ್ತು. ನನ್ನದು ಒಂದೇ ತಕರಾರು: ಭಾಷೆ ಬರುವ ಊರಾಗಬೇಕು. ನಗಬೇಡಿ, ಕಂಪ್ಲಿ ದಾಟಿದರೆ ಯಾರಾದರೂ ತೆಲುಗಿನಲ್ಲಿ ಮಾತಾಡಿಸಿಯಾರೆಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹಂಪಿಯಲ್ಲಿ ವಿದೇಶಿಯೊಬ್ಬ ದಾರಿ ಕೇಳಿದಾಗ ಎರಡು ಬಾಳೆಹಣ್ಣು ಕೊಟ್ಟು ಕಳಿಸಿದವನು ನಾನು.

"ಲೇ, ನನ್ನ ನಾಲಿಗಿ ಜೋಡಿ ಬರ್ತೈತಲ್ಲ, ನಿನಗ್ಯಾಕ ಚಿಂತಿ? ನೀ ಬರೇ ತುಳಿ," ಎನ್ನುತ್ತಿದ್ದ ವೀರೇಶ. ತೆಲುಗು, ಉರ್ದು, ಮರಾಠಿ ಎಲ್ಲ ಬರುತ್ತಿದ್ದವು. ಅವನಿಗೆ ಬಾರದ್ದು ಸುಮ್ಮನಿರುವುದೊಂದೇ.

ಅವನನ್ನೂ ಸುಮ್ಮನಾಗಿಸಿದ್ದು ಸಂಡೂರಿನ ದಾರಿ. ಅದಿರು ಲಾರಿಗಳು ಸಾಲುಗಟ್ಟಿ ಹೊರಟರೆ ಅಲ್ಲಿ ಕೂಗಿದ್ದು ಕೂಗಿದವನಿಗೇ ಕೇಳುತ್ತಿರಲಿಲ್ಲ. ಮೊದಲ ಸಲ ನಾನು ಪಂಚರಾಗಿ ನಿಂತದ್ದು ತಿಳಿಯದೆ ಅವನು ಎರಡು ಮೈಲಿ ಮುಂದೆ ಹೋಗಿಬಿಟ್ಟಿದ್ದ. ವಾಪಸು ಬಂದವನು ಮೀಸೆಯ ಕೆಂಪು ಧೂಳು ಒರೆಸಿಕೊಳ್ಳುತ್ತ ಕಾನೂನು ಮಾಡಿದ. "ಒಂದ್ ಬೆಲ್ ಹೊಡದ್ರ ನಿಂದ್ರು. ಎರಡು ಹೊಡದ್ರ ನಡಿ. ಮೂರು ಹೊಡದ್ರ ಚಾ." ಬೆಲ್ಲಿನ ಸದ್ದು ಮಾತ್ರ ಹೇಗೋ ಲಾರಿಗಳ ಗದ್ದಲದೊಳಗಿಂದ ತೂರಿ ಬರುತ್ತಿತ್ತು.

ಹೋದ ವರ್ಷ ಗಂಟಲಿನ ಆಪರೇಷನ್ನಾಗಿ ಅವನ ದನಿಯೇ ಹೋಯಿತು. ಮೈಗೆ ಶಕ್ತಿ ಮರಳಿತು, ಸೈಕಲ್ ತುಳಿಯಬಹುದೆಂದು ಡಾಕ್ಟರೂ ಹೇಳಿದರು, ಅವನು ಮಾತ್ರ ಹೊಸ್ತಿಲು ದಾಟಲಿಲ್ಲ. ನಾನು ಎರಡು ಸಲ ಹೋಗಿದ್ದೆ. ಅವನು ಚೀಟಿಯಲ್ಲಿ ಬರೆಯುವಾಗ ಎಲ್ಲಿ ನೋಡಬೇಕೋ ತಿಳಿಯದೆ ಎದ್ದು ಬಂದೆ. ಹೇಳಲು ನಾಚಿಕೆಯಾಗುತ್ತದೆ.

ಮೊನ್ನೆ ಪಂಚರ್ ಹಾಕಿ ಮುಗಿಸಿದವನೇ ಅವನ ಮನೆಗೆ ಹೋದೆ. "ಬರ್ರಿ ಅಣ್ಣಾ, ಕುಂದ್ರಿ," ಎಂದರು ಅವನ ಹೆಂಡತಿ ಗಿರಿಜಮ್ಮ. "ಯಾರರ ಮಾತಾಡಿಸಿದ್ರ ಏನ್ ಮಾಡ್ಲಿ ಅಂತ ಬರದು ತೋರಸ್ತಾರ. ಹೊರಗ ಬರಂಗಿಲ್ಲ ನೋಡ್ರಿ."

ನಾನು ಅವನ ಎದುರಿಗೇ ಕೂತೆ. "ಈ ವರ್ಷ ಊರು ನಾನ ಆರಿಸೀನಿ. ಭಾಷಾದ್ದು ತ್ರಾಸ ಇಲ್ಲದ ಜಾಗ. ಸಂಡೂರು. ಆ ದಾರ್ಯಾಗ ಯಾರ ಮಾತೂ ಯಾರಿಗೂ ಕೇಳಂಗಿಲ್ಲ."

ಅವನು ಚೀಟಿ ಎಳೆದುಕೊಂಡು ಬರೆದ: 'ಚಾದ ಅಂಗಡ್ಯಾಗ?'

"ಅಲ್ಲಿ ನಾ ಮಾತಾಡ್ತೀನಿ," ಎಂದೆ. ಜನ್ಮದಲ್ಲಿ ಮೊದಲ ಸಲ ಆ ಮಾತು ಆಡಿದ್ದೆ.

ನಿನ್ನೆ ಬೆಳಿಗ್ಗೆ ಹೊರಟೆವು. ನಾನು ಮುಂದೆ, ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಅವನು ಹಿಂದೆ. ಏರಿನಲ್ಲಿ ಲಾರಿಗಳು ಶುರುವಾದವು. ಬರುತ್ತಿದ್ದಾನೋ, ಮನೆಗೆ ತಿರುಗಿದನೋ ಎಂದು ಅಳುಕಾದರೂ ಹಿಂದೆ ನೋಡುವ ಧೈರ್ಯ ಬರಲಿಲ್ಲ. ಆಗ ಬೆಲ್ ಕೇಳಿತು. ಒಂದು, ಎರಡು, ಮೂರು. ಕಣ್ಣಿಗೆ ಧೂಳು ಬಿತ್ತೆಂದು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ದಾರಿ ಬದಿಯ ಅಂಗಡಿಯಲ್ಲಿ ಚಹಾ ಮಾಡುತ್ತಿದ್ದಾಕೆ ನೇರವಾಗಿ ವೀರೇಶನನ್ನೇ ಕೇಳಿದಳು, "ಸಕ್ರಿ ಜಾಸ್ತಿ ಹಾಕ್ಲೇನ್ರಿ?"

ಅವನು ನನ್ನ ಕಡೆ ನೋಡಿ, ಸೈಕಲ್ಲಿನತ್ತ ಕೈ ಚಾಚಿ ಎರಡು ಬೆಲ್ ಹೊಡೆದ. ಆಕೆ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು.

"ಹಾಕ್ರಿ ಅನ್ನಾಕತ್ತಾನ," ಎಂದೆ ನಾನು.